ಕಥೆಗಾರನ ಲೇಖನಿ ನಿಲ್ಲುವುದೇಕೆ?

ಕಥೆ ಕಾದಂಬರಿಗಳನ್ನು ಬರೆಯತಕ್ಕವರಿಗೆ ಒಂದು ವಿಚಿತ್ರವಾದ ವ್ಯಾಧಿಯುಂಟು. ಶರೀರದಲ್ಲಿ ಜ್ವರವಿಲ್ಲ, ತಲೆನೋವಿಲ್ಲ. ಅನ್ನ ರುಚಿಸುತ್ತದೆ, ನಿದ್ರೆಯೂ ಬರುತ್ತದೆ. ಆದರೆ ಕಾಗದದ ಮುಂದೆ ಕುಳಿತೊಡನೆ ಕೈ ಸ್ತಬ್ಧವಾಗುತ್ತದೆ. ನಿನ್ನೆಯವರೆಗೆ ಚೆನ್ನಾಗಿ ನಡೆದಾಡುತ್ತಿದ್ದ ಕಥಾನಾಯಕನು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಅಲ್ಲಿಯೇ ನಿಂತುಬಿಡುತ್ತಾನೆ. ಅವನನ್ನು ಒಳಕ್ಕೆ ಕರೆಯಲೂ ಆಗದು, ಹೊರಕ್ಕೆ ಕಳುಹಿಸಲೂ ಆಗದು. ಒಂದು ದಿನ ಹೀಗಾದರೆ ಚಿಂತೆಯಿಲ್ಲ. ತಿಂಗಳು ಕಳೆದು ವರ್ಷವಾಯಿತೆಂದರೆ, ತಾನು ಬರೆಹಗಾರನೇ ಅಲ್ಲವೆಂಬ ನಂಬಿಕೆ ಬೇರೂರುತ್ತದೆ. ಎಷ್ಟೋ ಮಂದಿ ಅಲ್ಲಿಗೆ ಲೇಖನಿಯನ್ನು ಕೆಳಗಿಟ್ಟು, ಅರ್ಧ ಬರೆದ ಹಾಳೆಗಳನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿಬಿಡುತ್ತಾರೆ. 1947ರ ಸುಮಾರಿನಲ್ಲಿ ಎಡ್ಮಂಡ್ ಬರ್ಗ್ಲರ್ ಎಂಬ ಮನೋವೈದ್ಯನು ಇದಕ್ಕೆ 'ರೈಟರ್ಸ್ ಬ್ಲಾಕ್' ಎಂದು ಹೆಸರಿಟ್ಟನು. ಹೆಸರು ಹೊಸದು, ರೋಗ ಹಳೆಯದು.

ಈ ಸ್ಥಿತಿಗೆ ಸಿಕ್ಕಿದವರು ಸಾಮಾನ್ಯವಾಗಿ ಆಶ್ರಯಿಸುವ ಉಪಾಯವೆಂದರೆ ಕಾಯುವುದು. ಸ್ಫೂರ್ತಿ ಬರಲಿ, ಬರೆಯೋಣ ಎಂದುಕೊಳ್ಳುತ್ತಾರೆ. ಪ್ರತಿಭೆಯು ದೈವದತ್ತವೆಂದು ನಮ್ಮವರು ಹೇಳಿದರಲ್ಲವೆ, ಅದಕ್ಕೆ ನಮ್ಮ ಪ್ರಯತ್ನವೇನು ಮಾಡೀತು ಎಂಬ ಸಮಾಧಾನವೂ ಉಂಟು. ಆದರೆ ನಮ್ಮವರು ಹೇಳಿದ್ದು ಅಷ್ಟೇ ಅಲ್ಲ. ಗದುಗಿನ ಕುಮಾರವ್ಯಾಸನ ವಿಷಯವಾಗಿ ಜನರಲ್ಲಿ ಪ್ರಚಲಿತವಾಗಿರುವ ಐತಿಹ್ಯವನ್ನೇ ನೋಡಿರಿ. ಅವನು ಸ್ನಾನಮಾಡಿ ಒದ್ದೆಬಟ್ಟೆಯಲ್ಲಿ ವೀರನಾರಾಯಣನ ಗುಡಿಯ ಕಂಬದ ಬಳಿ ಕುಳಿತುಕೊಳ್ಳುತ್ತಿದ್ದನಂತೆ. ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿದ್ದಿತಂತೆ. ಇದನ್ನು ದೈವಾನುಗ್ರಹದ ಕಥೆಯೆಂದು ಹೇಳುವವರು ಅದರಲ್ಲಿರುವ ಇನ್ನೊಂದು ಅಂಶವನ್ನು ಗಮನಿಸುವುದಿಲ್ಲ. ಅನುಗ್ರಹವನ್ನು ಪಡೆದ ಆ ಮಹಾಕವಿಗೂ ಕುಳಿತುಕೊಳ್ಳಲು ಒಂದು ಸ್ಥಳ, ಒಂದು ಹೊತ್ತು, ಏಳುವುದಕ್ಕೆ ಒಂದು ಗಡುವು ಇದ್ದುವೆಂದು ಐತಿಹ್ಯವೇ ಒಪ್ಪಿಕೊಳ್ಳುತ್ತದೆ.

ಈ ವಿಚಾರವನ್ನು ಶಾಸ್ತ್ರರೀತಿಯಿಂದ ಹೇಳಿದವನು ರಾಜಶೇಖರ. ಕ್ರಿಸ್ತಶಕ 900ರ ಸುಮಾರಿನಲ್ಲಿ ಕನೌಜಿನ ಆಸ್ಥಾನದಲ್ಲಿದ್ದ ಈತನ 'ಕಾವ್ಯಮೀಮಾಂಸೆ'ಯು 1916ರಲ್ಲಿ ಬಡೋದೆಯಲ್ಲಿ ಅಚ್ಚಾಯಿತು. ಈತನ ಪತ್ನಿ ಅವಂತಿಸುಂದರಿಯೂ ವಿದುಷಿ. ಆಕೆಯ ಅಭಿಪ್ರಾಯಗಳನ್ನು ಈತನು ಹೆಸರು ಹೇಳಿ ಉದಾಹರಿಸುತ್ತಾನೆ. ಪತ್ನಿಯ ಮಾತನ್ನು ಶಾಸ್ತ್ರಗ್ರಂಥದಲ್ಲಿ ಪ್ರಮಾಣವಾಗಿ ತಂದ ಪಂಡಿತರು ಎಷ್ಟು ಮಂದಿ ಎಂಬುದನ್ನು ವಾಚಕರೇ ಎಣಿಸಿಕೊಳ್ಳಲಿ! ಕವಿತ್ವಕ್ಕೆ ಎಂಟು ಮಂದಿ ತಾಯಂದಿರೆಂದು ಅವನು ಹೇಳುತ್ತಾನೆ. ಆರೋಗ್ಯ, ಪ್ರತಿಭೆ, ಅಭ್ಯಾಸ, ಭಕ್ತಿ, ವಿದ್ವಾಂಸರೊಡನೆ ಸಂಭಾಷಣೆ, ಬಹುಶ್ರುತತ್ವ, ದೃಢವಾದ ಸ್ಮೃತಿ, ಕಡೆಗೆ ಅನಿರ್ವೇದ. ಅನಿರ್ವೇದವೆಂದರೆ ಎದೆಗುಂದದಿರುವುದು. ಪ್ರತಿಭೆಯು ಈ ಎಂಟರಲ್ಲಿ ಒಂದು ಮಾತ್ರ ಎಂಬುದು ಗಮನಾರ್ಹ. ಪ್ರಬಂಧವು ಹಾಳಾಗುವುದಕ್ಕೆ ಕಾರಣಗಳನ್ನೂ ಅವನು ಕೊಡುತ್ತಾನೆ. ಬೆಂಕಿ, ನೀರು ಮೊದಲಾದುವುಗಳ ಜತೆಯಲ್ಲಿ, ಮುಂದೆ ಎಂದಾದರೂ ಮುಗಿಸೋಣ, ಆಮೇಲೆ ತಿದ್ದೋಣ, ಗೆಳೆಯರೊಡನೆ ಚರ್ಚಿಸಿ ನೋಡೋಣ ಎಂಬ ಯೋಚನೆಗಳನ್ನೂ ಸೇರಿಸಿದ್ದಾನೆ. ಸಾವಿರ ವರ್ಷಗಳ ಹಿಂದೆಯೂ ಈ ರೋಗಿಗಳಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇವೆಲ್ಲಕ್ಕಿಂತ ಮುಖ್ಯವಾದುದು ಅವನು ಹಾಕಿಕೊಟ್ಟ ದಿನಚರಿ. ಹಗಲನ್ನು ನಾಲ್ಕು ಯಾಮಗಳಾಗಿ ವಿಭಾಗಿಸಿ, ಮೊದಲನೆಯದನ್ನು ವ್ಯಾಸಂಗಕ್ಕೂ ಎರಡನೆಯದನ್ನು ರಚನೆಗೂ ಕೊಟ್ಟಿದ್ದಾನೆ. ಊಟದ ಮೇಲೆ ಗೋಷ್ಠಿ. ಬೆಳಗ್ಗೆ ರಚಿಸಿದುದರ ಪರೀಕ್ಷೆಯು ನಾಲ್ಕನೆಯ ಯಾಮದಲ್ಲಿ, ಒಬ್ಬನೇ ಇಲ್ಲವೆ ಕೆಲವೇ ಆಪ್ತರೊಡನೆ, ನಡೆಯತಕ್ಕದ್ದು. ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು ಎಲ್ಲವೂ ಆಗಲೇ. ಇದಕ್ಕೆ ಅವನು ಕೊಡುವ ಕಾರಣ ಬಹಳ ಸೂಕ್ಷ್ಮವಾದುದು: ರಸಾವೇಶದಿಂದ ರಚಿಸುತ್ತಿರುವವನಿಗೆ ವಿವೇಚಿಸುವ ದೃಷ್ಟಿಯಿರದು, ಆದಕಾರಣ ಪರೀಕ್ಷೆ ತರುವಾಯವೇ ಆಗಬೇಕು.

ಲೇಖನಿ ನಿಲ್ಲುವುದರ ಮರ್ಮವು ಬಹುಮಟ್ಟಿಗೆ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಬರೆಹಗಾರನೊಳಗೆ ಇಬ್ಬರಿದ್ದಾರೆ, ಕಟ್ಟುವವನೊಬ್ಬ, ತೂಗುವವನೊಬ್ಬ. ಇಬ್ಬರೂ ಬೇಕಾದವರೇ. ಆದರೆ ಇಬ್ಬರನ್ನೂ ಒಂದೇ ಮಣೆಯ ಮೇಲೆ ಏಕಕಾಲದಲ್ಲಿ ಕುಳ್ಳಿರಿಸಿದರೆ, ಮೊದಲನೆಯವನು ಒಂದು ವಾಕ್ಯವನ್ನು ಮುಗಿಸುವ ಮುನ್ನವೇ ಎರಡನೆಯವನು ಅದನ್ನು ಹೊಡೆದುಹಾಕುತ್ತಾನೆ. ಪಾಠಶಾಲೆಯಲ್ಲಿ ಪ್ರಬಂಧ ಬರೆಯಿಸುವಾಗ ಉಪಾಧ್ಯಾಯನು ಹುಡುಗನ ಹೆಗಲ ಮೇಲಿಂದ ಬಗ್ಗಿ ನೋಡುತ್ತ ನಿಂತರೆ ಹುಡುಗನಿಗೆ ತನ್ನ ಹೆಸರಿನ ಕಾಗುಣಿತವೂ ಮರೆತುಹೋಗುತ್ತದೆ. ದೊಡ್ಡವರಿಗೂ ಆಗುವುದು ಇದೇ.

ಆಂಗ್ಲ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆಯ ಇಲಾಖೆಯಲ್ಲಿ ನೌಕರನಾಗಿದ್ದುಕೊಂಡೇ ಹಲವು ಕಾದಂಬರಿಗಳನ್ನು ಬರೆದನು; ಅವನ ಕಾದಂಬರಿಗಳು ಒಟ್ಟು 47. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರೆಹವನ್ನು ಓದಿಕೊಂಡು, ಅನಂತರ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದನು. ತನ್ನನ್ನು ಎಬ್ಬಿಸಿ ಕಾಫಿ ತಂದುಕೊಡುವ ಮುದಿ ಸೇವಕನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚು ಕೊಡುತ್ತಿದ್ದನಂತೆ. ಅವನ ಮರಣಾನಂತರ 1883ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಇದನ್ನೆಲ್ಲ ಓದಿ ರಸಿಕರನೇಕರು ಮೂಗು ಮುರಿದರು. ನನಗೇನೋ ಆ ಅರ್ಧ ಗಂಟೆಯ ಓದು ರಾಜಶೇಖರನಿಗೆ ಒಪ್ಪಿಗೆಯಾಗುತ್ತಿದ್ದಿತೆಂದೇ ತೋರುತ್ತದೆ. ಅಮೆರಿಕದ ಹೆಮಿಂಗ್ವೇ ಇನ್ನೊಂದು ಉಪಾಯವನ್ನು ಹೇಳಿದ್ದಾನೆ: ಮುಂದೇನು ನಡೆಯುವುದೆಂದು ತಿಳಿದಿರುವಾಗಲೇ ಆ ದಿನದ ಕೆಲಸವನ್ನು ನಿಲ್ಲಿಸಬೇಕು. ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಮಲಗುವ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ನಿಂತ ಲೇಖನಿಯನ್ನೆಲ್ಲ ಚಾವಟಿಯಿಂದ ಓಡಿಸಬೇಕೆಂದು ನಾನು ಹೇಳಲಾರೆ. ಕೆಲವು ವೇಳೆ ತಪ್ಪು ಕಥೆಯಲ್ಲಿಯೇ ಇರುತ್ತದೆ. ಪಾತ್ರವೊಂದು ತನ್ನ ಸ್ವಭಾವಕ್ಕೆ ಒಲ್ಲದ ಕೆಲಸವನ್ನು ನಾಲ್ಕು ಪುಟಗಳ ಹಿಂದೆ ಮಾಡಿರುತ್ತದೆ. ಕೈ ಅದನ್ನು ಬುದ್ಧಿಗಿಂತ ಮೊದಲೇ ಅರಿತು ಮುಷ್ಕರ ಹೂಡುತ್ತದೆ. ಆಗ ಹಿಂದಿರುಗಿ ಆ ಸ್ಥಳವನ್ನು ಹುಡುಕಬೇಕೇ ಹೊರತು ಮುಂದಕ್ಕೆ ತಳ್ಳಬಾರದು. ಇನ್ನು ಕೆಲವು ಮೌನಗಳು ಬರಡೇ ಅಲ್ಲ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಪ್ರಕಟವಾದುದು 1936ರಲ್ಲಿ; ಎರಡನೆಯ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಬಂದುದು 1967ರಲ್ಲಿ. ನಡುವೆ 'ಶ್ರೀ ರಾಮಾಯಣ ದರ್ಶನಂ' ಎಂಬ ಮಹಾಕಾವ್ಯವೇ ಅವತರಿಸಿತು.

ದುಃಖದಿಂದ ನಿಂತ ಲೇಖನಿಯ ಮಾತು ಬೇರೆ. ಮೈಸೂರಿನ ಆರ್. ಕೆ. ನಾರಾಯಣರು 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಒಂದು ನೋಟುಪುಸ್ತಕವನ್ನು ಕೊಂಡು ತಮ್ಮ ಮೊದಲ ಕಾದಂಬರಿಯನ್ನು ಆರಂಭಿಸಿದರು. ಅವರ ಅಜ್ಜಿ ಗೊತ್ತುಮಾಡಿಕೊಟ್ಟ ಶುಭದಿನವದು. 1938ರೊಳಗೆ ಮೂರು ಕಾದಂಬರಿಗಳು ಬಂದುವು. 1939ರಲ್ಲಿ ಪತ್ನಿ ರಾಜಮ್ ಅವರು ವಿಷಮಶೀತಜ್ವರದಿಂದ ತೀರಿಕೊಂಡರು. ಪುಟ್ಟ ಮಗಳು ಉಳಿದಳು. ಮುಂದಿನ ಕಾದಂಬರಿ 'ದಿ ಇಂಗ್ಲಿಷ್ ಟೀಚರ್' ಬೆಳಕು ಕಂಡುದು 1945ರಲ್ಲಿ. ಅದರ ನಾಯಕನ ಹೆಂಡತಿಯೂ ಅದೇ ಜ್ವರದಿಂದ ಸಾಯುತ್ತಾಳೆ. ಯಾವುದು ಲೇಖನಿಯನ್ನು ತಡೆದಿದ್ದಿತೋ ಅದನ್ನೇ ಬರೆದು ಅವರು ಮುಂದಕ್ಕೆ ನಡೆದರು. ಅಂಥ ಶೋಕದಲ್ಲಿರುವವರಿಗೆ ದಿನಕ್ಕೆ ಇಷ್ಟು ಪುಟಗಳೆಂದು ವಿಧಿಸುವುದು ಕ್ರೌರ್ಯ. ಹೊತ್ತು ಬೇಕು, ಮನೆಯವರ ಸಹನೆಯೂ ಬೇಕು.

ಮನೆಯವರೆಂದೊಡನೆ ಒಂದು ಸಂಗತಿ ನೆನಪಿಗೆ ಬರುತ್ತದೆ. ರಷ್ಯಾದ ದಾಸ್ತೊಯೆವ್ಸ್ಕಿಯು ಸಾಲದ ಬಾಧೆಗೆ ಸಿಕ್ಕಿ ಒಬ್ಬ ಪ್ರಕಾಶಕನಿಗೆ ಕರಾರು ಬರೆದುಕೊಟ್ಟಿದ್ದನು. 1866ರ ನವೆಂಬರ್ 1ರೊಳಗಾಗಿ ಹೊಸ ಕಾದಂಬರಿಯನ್ನು ಒಪ್ಪಿಸದಿದ್ದರೆ, ಒಂಬತ್ತು ವರ್ಷ ಅವನ ಬರೆಹಗಳನ್ನೆಲ್ಲ ಬಿಡಿಗಾಸೂ ಕೊಡದೆ ಅಚ್ಚುಹಾಕಿಕೊಳ್ಳಬಹುದೆಂದು ಷರತ್ತು. ಅಕ್ಟೋಬರ್ ಬಂದರೂ ಒಂದು ಪುಟವಾಗಿರಲಿಲ್ಲ. ಆಗ ಶೀಘ್ರಲಿಪಿ ಕಲಿತ ಇಪ್ಪತ್ತು ವರ್ಷದ ಅನ್ನಾ ಗ್ರಿಗೋರ್ಯೆವ್ನಾ ಎಂಬ ತರುಣಿಯನ್ನು ಗೊತ್ತುಮಾಡಿಕೊಂಡನು. ಮೊದಲ ದಿನ ಅವನಿಗೆ ಮಾತೇ ಹೊರಡದು. ಕೋಣೆಯಲ್ಲಿ ಅತ್ತಿಂದಿತ್ತ ತಿರುಗಾಡಿದನು. ಬರಬರುತ್ತ ಕ್ರಮವೊಂದು ನೆಲೆಗೊಂಡಿತು. ಹಗಲು ಅವನು ಹೇಳುವನು, ಆಕೆ ಬರೆದುಕೊಳ್ಳುವಳು. ರಾತ್ರಿ ಆಕೆ ತನ್ನ ಮನೆಯಲ್ಲಿ ಅದನ್ನು ಶುದ್ಧಪ್ರತಿ ಮಾಡುವಳು. ಮರುದಿನ ಅವನು ತಿದ್ದುವನು. ಹೇಳುವಾಗ ಕಣ್ಣೆದುರಿಗೆ ಕಾಗದವಿಲ್ಲ, ಹೊಡೆದುಹಾಕುವುದಕ್ಕೆ ಅಕ್ಷರವಿಲ್ಲ. ಕಟ್ಟುವವನಿಗೂ ತೂಗುವವನಿಗೂ ನಡುವೆ ಒಂದು ರಾತ್ರಿಯ ಅಂತರ ದೊರೆಯಿತು. 26 ದಿನಗಳಲ್ಲಿ 'ಜೂಜುಗಾರ' ಎಂಬ ಕಾದಂಬರಿ ಮುಗಿಯಿತು. ಒಪ್ಪಿಸಹೋದರೆ ಪ್ರಕಾಶಕನು ಊರಿನಲ್ಲಿಲ್ಲ. ಹಸ್ತಪ್ರತಿಯನ್ನು ಪೋಲೀಸು ಠಾಣೆಯಲ್ಲಿಟ್ಟು ರಸೀತಿ ಪಡೆದುಕೊಂಡನು. ಮರುವರ್ಷ ಫೆಬ್ರವರಿಯಲ್ಲಿ ಅವರಿಬ್ಬರಿಗೂ ವಿವಾಹವಾಯಿತು. ಮುಂದಿನ ಮಹಾಕಾದಂಬರಿಗಳಿಗೂ ಆಕೆಯ ಶೀಘ್ರಲಿಪಿ ನೆರವಾಯಿತು.