ಒಂದೇ ಬೂಷ್ಟು, ಹಲವು ಸ್ವಭಾವ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕು ಟರ್ಕಿ ಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತುಹೋದುವು. ರೋಗಾಣುಗಳನ್ನು ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. ಹೆಸರೂ ತೋಚದೆ ಆ ರೋಗವನ್ನು ‘ಟರ್ಕಿ ಎಕ್ಸ್’ ಎಂದು ಕರೆದರು. ಕೊನೆಗೆ ಸಂಶಯವು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯ ಮೇಲೆ ಬಿತ್ತು. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟೇ ಅಪರಾಧಿ. ಅದರ ಹೆಸರಿನ ಅಕ್ಷರಗಳನ್ನೇ ಜೋಡಿಸಿ ಆ ವಿಷಕ್ಕೆ ‘ಅಫ್ಲಟಾಕ್ಸಿನ್’ ಎಂದು ನಾಮಕರಣ ಮಾಡಿದರು.

ಹಳದಿ ಬೆರೆತ ಹಸಿರು ಬಣ್ಣದ ಈ ಬೂಷ್ಟು ನಮಗೆ ಅಪರಿಚಿತವೇನೂ ಅಲ್ಲ. ಮಳೆಯಿಲ್ಲದೆ ಬಳಲಿದ ಕಡಲೆಕಾಯಿಯನ್ನು ಅದು ಹೊಲದಲ್ಲಿಯೇ ಹಿಡಿಯುತ್ತದೆ. ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಉಗ್ರಾಣದಲ್ಲಿ ಹಬ್ಬುತ್ತದೆ. ಚಳ್ಳಕೆರೆ, ಪಾವಗಡಗಳ ರೈತರಿಗೆ ಬರವೂ ಹೊಸದಲ್ಲ, ಕೊಯ್ಲಿನ ವೇಳೆಯ ಮಳೆಯೂ ಹೊಸದಲ್ಲ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ, ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳವನ್ನು ತಿಂದವರು ಕಾಮಾಲೆ, ಜಲೋದರಗಳಿಂದ ನರಳಿದರು. ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಅದೇ ಆಹಾರದಲ್ಲಿ ಪಾಲು ಪಡೆದ ನಾಯಿಗಳೂ ರೋಗಕ್ಕೆ ತುತ್ತಾದುವು. 2004ರಲ್ಲಿ ಕೀನ್ಯಾ ದೇಶದಲ್ಲಿ 317 ರೋಗಿಗಳ ಪೈಕಿ 125 ಮಂದಿ ಮಡಿದರು.

ಹಾಗಾದರೆ ಈ ಬೂಷ್ಟು ಕಂಡಲ್ಲೆಲ್ಲ ವಿಷವಿದೆಯೆ? ಇಲ್ಲ. ಒಂದೇ ಹೊಲದ ಒಂದು ಹಿಡಿ ಮಣ್ಣಿನಿಂದ ಹತ್ತಾರು ತಳಿಗಳನ್ನು ಬೇರ್ಪಡಿಸಿ ಬೆಳೆಸಿ ನೋಡಿದರೆ, ಕೆಲವು ಧಾರಾಳವಾಗಿ ವಿಷವನ್ನು ಉತ್ಪಾದಿಸುತ್ತವೆ, ಕೆಲವು ಅಲ್ಪಸ್ವಲ್ಪ, ಮತ್ತೆ ಕೆಲವು ಏನೇನೂ ಇಲ್ಲ! ಕಣ್ಣಿಗೆ ಎಲ್ಲವೂ ಸುಮಾರಾಗಿ ಒಂದೇ. ಒಂದು ಕುರುಹು ಮಾತ್ರ ಉಂಟು. ಕಷ್ಟಕಾಲವನ್ನು ಕಳೆಯಲು ಬೂಷ್ಟಿನ ಎಳೆಗಳು ಹೆಣೆದುಕೊಂಡು ಗಟ್ಟಿಯಾದ ಕರಿಯ ಗುಂಡುಗಳಾಗುತ್ತವೆ. ಇವು 0.4 ಮಿಲಿಮೀಟರಿಗಿಂತ ಚಿಕ್ಕವಾಗಿ, ಹೇರಳವಾಗಿ ಇದ್ದರೆ ಆ ತಳಿ ಬಹುಮಟ್ಟಿಗೆ ಘೋರ ವಿಷಕಾರಿ. ಕೀನ್ಯಾದ ಮೆಕ್ಕೆಜೋಳದಲ್ಲಿ ಕಂಡುದು ಇಂಥದೇ. ಆದರೆ ಅದರ ಡಿಎನ್‌ಎಯನ್ನು ಪರಿಶೀಲಿಸಿದಾಗ, ಅಮೆರಿಕದಲ್ಲಿ ಇದೇ ರೂಪವುಳ್ಳ ತಳಿಗೂ ಇದಕ್ಕೂ ಹತ್ತಿರದ ನಂಟಿಲ್ಲವೆಂದು ತಿಳಿದುಬಂದಿತು. ರೂಪವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಇದೊಂದು ನಿದರ್ಶನ.

ವಿಷವನ್ನು ತಯಾರಿಸಲು ಸುಮಾರು ಇಪ್ಪತ್ತೈದರಿಂದ ಮೂವತ್ತು ವಂಶವಾಹಿಗಳು ಬೇಕು. ಇವೆಲ್ಲ ಒಂದೇ ವರ್ಣತಂತುವಿನ ತುದಿಯ ಬಳಿ ಸಾಲಾಗಿ ಕುಳಿತಿವೆ. ಮಗ್ಗದ ಕೆಲಸದಂತೆ ಒಂದರ ಕೆಲಸ ಮುಗಿದ ಬಳಿಕವೇ ಇನ್ನೊಂದರದು; ನಡುವೆ ಒಂದು ಕೈ ನಿಂತರೂ ಬಟ್ಟೆಯಿಲ್ಲ. ‘ಎಎಫ್ 36’ ಎಂಬ ತಳಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಮೊದಲ ಹಂತದ ವಂಶವಾಹಿಯೇ ಕೆಟ್ಟಿದೆ. ಇನ್ನೊಂದು ತಳಿಯಲ್ಲಿ ಆ ಸಾಲಿಗೆ ಸಾಲೇ ಕಳಚಿಹೋಗಿದೆ. ಜಪಾನೀಯರು ಸೋಯಾ ಸಾರಕ್ಕೂ ಅಕ್ಕಿಯ ಮದ್ಯಕ್ಕೂ ಬಳಸುವ ಆಸ್ಪರ್ಜಿಲಸ್ ಒರೈಜೀ ಇದೇ ಬೂಷ್ಟಿನ ಪಳಗಿದ ಬಂಧು. ಅದು ಈ ವಿಷವನ್ನು ಮಾಡುವುದಿಲ್ಲ.

ಈ ವೈವಿಧ್ಯವನ್ನೇ ರೈತನ ನೆರವಿಗೆ ತಂದಿದ್ದಾರೆ. ಅರಿಜೋನದ ಹತ್ತಿಯ ಹೊಲಗಳಲ್ಲಿ, ಮೊಳೆಯದಂತೆ ಮಾಡಿದ ಧಾನ್ಯಕ್ಕೆ ‘ಎಎಫ್ 36’ನ್ನು ಹಿಡಿಸಿ ಎರಚುತ್ತಾರೆ. ನಿರ್ವಿಷ ತಳಿ ಮೊದಲೇ ನೆಲೆಯೂರಿದರೆ ವಿಷಕಾರಿಗೆ ಜಾಗವಿಲ್ಲ. ಅಮೆರಿಕದ ಸರಕಾರ 2003ರಲ್ಲಿ ಇದಕ್ಕೆ ಅನುಮತಿಯಿತ್ತಿತು. ನೈಜೀರಿಯಾದಲ್ಲಿ ಆ ನಾಡಿನವೇ ಆದ ತಳಿಗಳನ್ನು ಆರಿಸಿ ಬೆರೆಸಿ ಬಳಸುತ್ತಾರೆ. ಅಲ್ಲಿನ ಮಣ್ಣಿಗೂ ಬಿಸಿಲಿಗೂ ಒಗ್ಗಿದವು ಅವೇ ತಾನೆ?

ಆದರೂ ಪ್ರಶ್ನೆಗಳು ಮುಗಿದಿಲ್ಲ. ಈ ಬೂಷ್ಟಿನ ಎಳೆಗಳು ತಮ್ಮ ಗುಂಪಿನೊಳಗಲ್ಲದೆ ಹೊರಗಿನವುಗಳೊಡನೆ ಸುಲಭವಾಗಿ ಕೂಡಿ ಬಾಳವು. ತಮ್ಮತಮ್ಮಲ್ಲಿಯೇ ಕೊಳುಕೊಡೆ ನಡೆಸುವ ಮನೆತನಗಳಂತೆ. ಗುಂಪುಗಳು ಎಂದೆಂದಿಗೂ ಬೇರೆಬೇರೆಯೇ ಎಂದು ಬಹುಕಾಲ ಭಾವಿಸಿದ್ದರು. 2009ರಲ್ಲಿ ಇದಕ್ಕೂ ಲೈಂಗಿಕ ಸಂತಾನೋತ್ಪತ್ತಿ ಸಾಧ್ಯವೆಂದು ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಅಂದ ಮೇಲೆ ಎರಚಿದ ಸಾಧು ತಳಿಯು ಹೊಲದ ದುಷ್ಟ ತಳಿಯೊಡನೆ ಕೂಡಿದರೆ ಹುಟ್ಟುವ ಸಂತತಿ ಎಂಥದಾದೀತು? ಮೇಲಾಗಿ ‘ಎಎಫ್ 36’ ಅಫ್ಲಟಾಕ್ಸಿನನ್ನು ಮಾಡದಿದ್ದರೂ ಸೈಕ್ಲೋಪಿಯಜೋನಿಕ್ ಆಮ್ಲವೆಂಬ ಮತ್ತೊಂದು ವಿಷವನ್ನು ಮಾಡಬಲ್ಲುದು. ಸಾಲಿಗೆ ಸಾಲೇ ಕಳಚಿದ ಆ ಎರಡನೆಯ ತಳಿ ಇವೆರಡನ್ನೂ ಮಾಡದು.