ಹದಿನೈದು ಹಾಸಿಗೆಯ ಲೆಕ್ಕ

ಅನುದಾನ ಪಡೆಯುವ ವ್ಯಸನಮುಕ್ತಿ ಕೇಂದ್ರಕ್ಕೆ ತಪಾಸಣೆಗೆ ಬಂದವರು ಕೇಳುವ ಮೊದಲ ವಸ್ತು ದಾಖಲಾತಿ ಪುಸ್ತಕ. ಹಾಸಿಗೆ 15, ಹೆಸರು 15, ಎದುರಿಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಆಮೇಲೆ ಸಿಬ್ಬಂದಿ ಹಾಜರಿ, ದಿನಸಿ ಬಿಲ್ಲು. ಪುಸ್ತಕ ಸುಳ್ಳು ಹೇಳಿದರೂ ಅಕ್ಕಿಯ ಲೆಕ್ಕ ನೋಡಿದರೆ ಉಂಡವರೆಷ್ಟು ಮಂದಿ ಎಂಬುದು ಗೊತ್ತಾಗಿಬಿಡುತ್ತದೆ.

ಈ ಎಣಿಕೆಯನ್ನು ಗುಮಾಸ್ತಗಿರಿ ಎಂದು ನಗುವಂತಿಲ್ಲ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ಕುಡಿತದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಮಂದಿಯಲ್ಲಿ ಒಬ್ಬರಿಗೆ. ಒಳರೋಗಿಯಾಗಿ ದಾಖಲಾದದ್ದು 180 ಮಂದಿಗೆ ಒಬ್ಬರು. ಕಾಗದದ ಮೇಲೆ ಮಾತ್ರ ತುಂಬಿದ ಒಂದು ಹಾಸಿಗೆ ಎಷ್ಟು ದುಬಾರಿ ಎಂಬುದನ್ನು ಇದರಿಂದಲೇ ಅಂದಾಜಿಸಬಹುದು.

ಸ್ವಯಂಸೇವಾ ಸಂಸ್ಥೆಗಳ ಮೂಲಕ ವ್ಯಸನಮುಕ್ತಿಯ ಕೆಲಸ ಮಾಡಿಸುವ ಯೋಜನೆ 1985–86ರಷ್ಟು ಹಳೆಯದು. ಈಗ ಹಣ ಕೊಡುವುದು ಸಾಮಾಜಿಕ ನ್ಯಾಯ ಸಚಿವಾಲಯ. ಸಂಸ್ಥೆ ಮೊದಲು ನೀತಿ ಆಯೋಗದ ಎನ್‌ಜಿಒ ದರ್ಪಣ್‌ನಲ್ಲಿ ಹೆಸರು ನೋಂದಾಯಿಸಬೇಕು, ಇ-ಅನುದಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಚಿಕಿತ್ಸೆ ನಡೆಸಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ರಾಜ್ಯದ ಪ್ರಾಧಿಕಾರದ ನೋಂದಣಿಯೂ ಬೇಕು. ಹೀಗೆ ಹಣ ಕೊಡುವ ಮನೆ ಒಂದು, ಪರವಾನಗಿ ಕೊಡುವ ಮನೆ ಇನ್ನೊಂದು.

ವರ್ಷದ ಕೊನೆಗೆ ಬರುವುದೇ ‘ಯುಸಿ’. ಹಣ ಬಳಕೆ ಪ್ರಮಾಣಪತ್ರಕ್ಕೆ ಕಚೇರಿಗಳಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಇದು ಸಲ್ಲಿಕೆಯಾಗದಿದ್ದರೆ ಮುಂದಿನ ಹಣ ಬಿಡುಗಡೆಗೆ ತೊಡಕು. ಇದಕ್ಕಿರುವ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಆರಂಭದ ಶಿಲ್ಕು, ಬಂದ ಅನುದಾನ, ಬಡ್ಡಿ, ಖರ್ಚು, ಉಳಿಕೆ ಎಲ್ಲಕ್ಕೂ ಅಂಕಣವಿದೆ. ಹಣದಿಂದ ಆದ ಫಲವೇನು ಎಂಬುದು ಮಾತ್ರ ಅನುಬಂಧಕ್ಕೆ ಸರಿದಿದೆ; ಅದರ ರೂಪ ಹೇಗಿರಬೇಕೆಂದು ತೀರ್ಮಾನಿಸುವುದು ಆಯಾ ಸಚಿವಾಲಯಕ್ಕೆ ಬಿಟ್ಟದ್ದು.

ಮೇಲ್ವಿಚಾರಣೆ ಸೊರಗುವುದು ಈ ಅನುಬಂಧದಲ್ಲೇ. ಎಷ್ಟು ಮಂದಿ ಬಂದರು, ಎಷ್ಟು ದಿನ ಇದ್ದರು ಎಂದು ಬರೆಯುವುದು ಸುಲಭ. ಕುಡಿತ ಬಿಟ್ಟು ಮನೆಗೆ ಹೋದವನು ಆರು ತಿಂಗಳ ನಂತರ ಹೇಗಿದ್ದಾನೆ ಎಂದು ತಿಳಿಯಲು ಆಪ್ತಸಮಾಲೋಚಕರು ಅವನ ಊರಿಗೆ ಹೋಗಬೇಕು, ಇಲ್ಲವೇ ಫೋನ್ ಮಾಡಬೇಕು. ಅನುದಾನದ ಕಂತೇ ತಡವಾಗಿ, ಸಂಬಳ ಬಾಕಿ ಬಿದ್ದ ಕಡೆ ಮೊದಲು ನಿಲ್ಲುವುದು ಈ ಓಡಾಟ. ಫೋನ್ ಸ್ವಿಚ್ ಆಫ್ ಆಗಿದ್ದರೆ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದು, ಪುಸ್ತಕದಲ್ಲಿರುವ ಮುಂದಿನ ಹೆಸರಿಗೆ ಹೋಗಬೇಕಾಗುತ್ತದೆ.