ಮಣಿಕಟ್ಟಿನ ಇಕ್ಕಟ್ಟು

ಹಗಲೆಲ್ಲ ದುಡಿದ ಕೈಗೆ ರಾತ್ರಿಯಾದರೂ ವಿಶ್ರಾಂತಿ ದೊರೆಯಬೇಕು. ಆದರೆ ಕೆಲವರ ಪಾಲಿಗೆ ರಾತ್ರಿಯೇ ವೈರಿ. ಮಲಗಿ ಎರಡು ಮೂರು ತಾಸು ಕಳೆಯುವಷ್ಟರಲ್ಲಿ ಬೆರಳುಗಳಿಗೆ ಜೋಮು ಹಿಡಿದು, ಇರುವೆ ಹರಿದಂತಾಗಿ, ಉರಿಯೆದ್ದು ಎಚ್ಚರವಾಗುತ್ತದೆ. ಎದ್ದು ಕುಳಿತು ಕೈಯನ್ನು ಕೊಡವಿದರೆ ಕೊಂಚ ಶಮನ. ಬೆಳಗಾದರೆ ಮರೆವು. "ವಾಯು ಇರಬೇಕು", "ರಕ್ತ ಸಾಲದು" ಎಂದು ಮನೆಯವರು ತಲೆಗೊಂದು ಕಾರಣ ಹೇಳುತ್ತಾರೆ. ಟಾನಿಕ್ಕಿನ ಬಾಟಲಿಯೊಂದು ಮನೆಗೆ ಬರುತ್ತದೆ. ಈ ಉದಾಸೀನಕ್ಕೆ ಮುಂದೆ ತೆರಬೇಕಾದ ಬೆಲೆ ಮಾತ್ರ ಸಣ್ಣದಲ್ಲ.

ವೈದ್ಯರು ಈ ವ್ಯಾಧಿಯನ್ನು 'ಕಾರ್ಪಲ್ ಟನಲ್ ಸಿಂಡ್ರೋಮ್' ಎನ್ನುತ್ತಾರೆ. 'ಕಾರ್ಪಲ್' ಎಂದರೆ ಮಣಿಕಟ್ಟಿಗೆ ಸಂಬಂಧಿಸಿದ್ದು. 'ಟನಲ್' ಎಂದರೆ ಸುರಂಗ. ಹೆಸರೇ ಅರ್ಧ ಕತೆಯನ್ನು ಹೇಳುತ್ತದೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಕಮಾನಿನಂತೆ ಜೋಡಿಸಲ್ಪಟ್ಟಿವೆ. ಅಂಗೈಯ ಕಡೆಯಿಂದ ದಪ್ಪನಾದ ಅಡ್ಡಪಟ್ಟಿಯೊಂದು ಅವನ್ನು ಬಿಗಿದಿದೆ. ನಡುವೆ ಉಳಿದ ಕಿರಿದಾದ ದಾರಿಯಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ 'ಮೀಡಿಯನ್' ಎಂಬ ನರವೂ ಒಟ್ಟಿಗೆ ಸಾಗಬೇಕು. ಮೂಳೆ ಹಿಗ್ಗದು, ಪಟ್ಟಿ ಸಡಿಲದು. ರಜ್ಜುಗಳ ಹೊದಿಕೆ ಕೊಂಚ ಬಾತರೂ ಸಾಕು, ಎಲ್ಲಕ್ಕಿಂತ ಮೃದುವಾದ ನರ ನಲುಗುತ್ತದೆ. ನಿದ್ದೆಯಲ್ಲಿ ನಮಗರಿವಿಲ್ಲದೆ ಮಣಿಕಟ್ಟು ಮಡಿಚಿಕೊಂಡಾಗ ಒತ್ತಡ ಇನ್ನೂ ಏರುತ್ತದೆ. ರಾತ್ರಿಯ ಕಾಟದ ಗುಟ್ಟು ಇದು.

ಈ ಗುಟ್ಟು ಬಯಲಾಗಲು ಬಹುಕಾಲ ಹಿಡಿಯಿತು. ಮಣಿಕಟ್ಟಿನ ಬಳಿ ಮೂಳೆ ಮುರಿದವನೊಬ್ಬನ ನರ ಅದುಮಲ್ಪಟ್ಟಿದ್ದುದನ್ನು ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ 1854ರಲ್ಲಿಯೇ ವರ್ಣಿಸಿದ್ದನು. 1880ರಲ್ಲಿ ಬಾಸ್ಟನ್ನಿನ ವೈದ್ಯ ಪಟ್ನಮ್, ರಾತ್ರಿ ಕೈ ಜೋಮು ಹಿಡಿಯುವ 37 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. 1913ರಲ್ಲಿ ಫ್ರಾನ್ಸಿನ ಮಾರಿ ಮತ್ತು ಫ್ವಾ ಎಂಬಿಬ್ಬರು, ಹೆಬ್ಬೆರಳ ಬುಡದ ಮಾಂಸಖಂಡ ಕರಗಿಹೋಗಿದ್ದ ವೃದ್ಧರೊಬ್ಬರ ಮೃತದೇಹವನ್ನು ಪರೀಕ್ಷಿಸಿ, ನರವು ಆ ಅಡ್ಡಪಟ್ಟಿಯ ಅಡಿಯಲ್ಲಿಯೇ ಸೊರಗಿರುವುದನ್ನು ಕಂಡರು. ಸಕಾಲದಲ್ಲಿ ಪಟ್ಟಿಯನ್ನು ಕತ್ತರಿಸಿದ್ದರೆ ಕೈ ಉಳಿಯುತ್ತಿತ್ತೇನೋ ಎಂದು ಅವರು ಸೂಚಿಸಿದರು. ಇಂದಿನ ಶಸ್ತ್ರಚಿಕಿತ್ಸೆಯ ತಿರುಳು ಅದೇ.

ರೋಗವನ್ನು ಗುರುತಿಸುವುದು ಹೇಗೆ? ಇಲ್ಲಿ ಕಿರುಬೆರಳೇ ಸಾಕ್ಷಿ. ಮೀಡಿಯನ್ ನರವು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗಕ್ಕೆ ಸ್ಪರ್ಶಜ್ಞಾನ ನೀಡುತ್ತದೆ. ಕಿರುಬೆರಳು ಬೇರೊಂದು ನರಕ್ಕೆ ಸೇರಿದ್ದು. ಆದ್ದರಿಂದ ಅದು ಸಾಮಾನ್ಯವಾಗಿ ಜೋಮಿನಿಂದ ಪಾರಾಗಿರುತ್ತದೆ. ಎರಡು ಅಂಗೈಗಳ ಹಿಂಬದಿಗಳನ್ನು ಒಂದಕ್ಕೊಂದು ಒತ್ತಿ, ಮಣಿಕಟ್ಟನ್ನು ಒಂದು ನಿಮಿಷ ಮಡಿಚಿ ಹಿಡಿಯಲು ವೈದ್ಯರು ಹೇಳುತ್ತಾರೆ. ಜೋಮು ಮರುಕಳಿಸಿದರೆ ಸಂಶಯ ಬಲವಾಗುತ್ತದೆ. ನರದಲ್ಲಿ ವಿದ್ಯುತ್ ಸಂಜ್ಞೆ ಎಷ್ಟು ಬೇಗ ಹರಿಯುತ್ತದೆಂದು ಅಳೆಯುವ ಪರೀಕ್ಷೆಯೂ ಉಂಟು. ಕತ್ತಿನಲ್ಲಿ ನರ ಸಿಲುಕಿದಾಗಲೂ ಇಂಥದೇ ಲಕ್ಷಣಗಳು ಕಾಣಬಹುದಾದ್ದರಿಂದ ನಿರ್ಣಯವನ್ನು ವೈದ್ಯರಿಗೇ ಬಿಡುವುದು ಕ್ಷೇಮ.

ಈ ಬಾಧೆ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಮಧುಮೇಹ, ಥೈರಾಯ್ಡ್ ಗ್ರಂಥಿಯ ಕೊರತೆ, ಕೀಲುವಾತ, ಸ್ಥೂಲಕಾಯ ಇವು ಅದಕ್ಕೆ ಒತ್ತಾಸೆಯಾಗುತ್ತವೆ. ಗರ್ಭಿಣಿಯರಲ್ಲಿ ಕಾಣಿಸಿಕೊಂಡರೆ ಹೆರಿಗೆಯಾದ ಮೇಲೆ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಬಲಪ್ರಯೋಗದಿಂದ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರೂ, ನಡುಗುವ ಯಂತ್ರಗಳನ್ನು ಹಿಡಿದು ದುಡಿಯುವವರೂ ಎಚ್ಚರದಿಂದಿರಬೇಕು.

ಚಿಕಿತ್ಸೆಯ ಮೊದಲ ಮೆಟ್ಟಿಲು ತೀರ ಸರಳ. ರಾತ್ರಿ ಮಣಿಕಟ್ಟು ಮಡಿಚದಂತೆ ನೇರವಾಗಿ ಹಿಡಿದಿಡುವ ಪಟ್ಟಿಯನ್ನು ಕೆಲವು ವಾರ ಕಟ್ಟಿಕೊಂಡು ಮಲಗುವುದು. ಆರಂಭದ ಹಂತದಲ್ಲಿ ಎಷ್ಟೋ ಜನರಿಗೆ ಇದರಿಂದಲೇ ಗುಣ ಕಾಣುತ್ತದೆ. ಸಾಲದಿದ್ದರೆ ಸುರಂಗದೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಬಾವು ಇಳಿದು ನೆಮ್ಮದಿ ದೊರೆಯುತ್ತದೆ, ಆದರೆ ಕೆಲವು ತಿಂಗಳ ಅನಂತರ ಬಾಧೆ ಮರಳುವುದೂ ಉಂಟು. ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಸಾಮಾನ್ಯವಾಗಿ ಕೈಯಷ್ಟನ್ನೇ ಮರಗಟ್ಟಿಸಿ ಅಡ್ಡಪಟ್ಟಿಯನ್ನು ಸೀಳುತ್ತಾರೆ. ನರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ರೋಗಿ ಅಂದೇ ಮನೆಗೆ ಮರಳಬಹುದು.

ತಡಮಾಡಿದರೆ ಅನರ್ಥ. ಬಹುಕಾಲ ನಲುಗಿದ ನರ ಬಿಡುಗಡೆಯಾದರೂ ಚೇತರಿಸಿಕೊಳ್ಳದೆ ಹೋಗಬಹುದು. ಹೆಬ್ಬೆರಳ ಬುಡದ ಉಬ್ಬು ತಗ್ಗಿ ಹಳ್ಳ ಬಿದ್ದರೆ ಅದು ಮತ್ತೆ ತುಂಬುವುದು ದುರ್ಲಭ. ಆಗ ರವಕೆಯ ಗುಂಡಿ ಹಾಕುವುದು, ಹೂ ಕಟ್ಟುವುದು, ಚಿಟಿಕೆಯಲ್ಲಿ ರಂಗೋಲಿಪುಡಿ ಹಿಡಿದು ಎಳೆ ಎಳೆಯುವುದು ಎಲ್ಲವೂ ಕಷ್ಟ.

ಹಿರಿದು ಬೆರಳೇ ಹೆಬ್ಬೆರಳು. ದ್ರೋಣನು ಏಕಲವ್ಯನಿಂದ ಬೇಡಿದ್ದೂ ಅದನ್ನೇ. ಅದಿಲ್ಲದ ಕೈಯ ಪಾಡನ್ನು ಆ ಗುರು ಚೆನ್ನಾಗಿ ಬಲ್ಲವನಾಗಿದ್ದನು. ಏಕಲವ್ಯನು ಅದನ್ನು ಗುರುದಕ್ಷಿಣೆಯಾಗಿ ಕೊಟ್ಟನು. ನಾವು ಉದಾಸೀನಕ್ಕೆ ದಕ್ಷಿಣೆಯಾಗಿ ತೆರಬೇಕಾಗಿಲ್ಲ. ಮನೆಯಲ್ಲಿ ತಾಯಿಯೋ ಅಕ್ಕನೋ ನಡುರಾತ್ರಿ ಎದ್ದು ಕೈ ಕೊಡವುತ್ತಿದ್ದರೆ, ಟಾನಿಕ್ಕು ತರುವ ಮೊದಲು ಒಂದು ಮಾತು ಕೇಳಿ: "ಕಿರುಬೆರಳಿಗೂ ಜೋಮು ಹಿಡಿಯುತ್ತದೆಯೆ?" ಉತ್ತರ ಏನೇ ಬರಲಿ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.